ಅಘನಾಶಿನಿ ಬೇಡ, ಕೊನೆಗೌಡ ಇರಲಿ

ನಮಸ್ಕಾರ.

ಕುಮಟಾದಿಂದ ನೀವು ಕಳಿಸಿದ ‘ನೆನಪಿನ ಹೊಳೆ’ ಲೇಖನವನ್ನು ಎರಡು ಸಲ ಓದಿದೆ. ಮುಮ್ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಭ್ರೂಣದಲ್ಲಿ ಎಲ್ಲಿ ಹುಟ್ಟುತ್ತವೆ, ತಮ್ಮ ಜಾಗಕ್ಕೆ ಹೇಗೆ ಹೋಗಿ ಸೇರುತ್ತವೆ ಅನ್ನುವ ಬರಹ ನನ್ನ ಮೇಜಿಗೆ ಬಂದದ್ದು ಇದೇ ಮೊದಲು. ತುಂಬಾ ಖುಷಿಯಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ದೊಡ್ಡ ತೊಡಕು ಅಘನಾಶಿನಿಯದ್ದು. ಶಿರಸಿಯಲ್ಲಿ ಹುಟ್ಟಿ ನಿಮ್ಮೂರ ಹತ್ತಿರ ಕಡಲು ಸೇರುವ ಹೊಳೆಯ ಹಾಗೆ ಕೋಶಗಳೂ ಹರಿಯುತ್ತವೆ ಎಂದಿದ್ದೀರಿ. ಓದಲು ಚಂದ. ಆದರೆ ಹೊಳೆಗೆ ಇಳಿಜಾರು ಇದ್ದರೆ ಸಾಕು, ಕೋಶ ತಾನೇ ನಡೆಯಬೇಕು. ಅದು ಮುಂದಕ್ಕೆ ಒಂದು ಎಳೆ ಚಾಚುತ್ತದೆ. ಸುತ್ತಲಿನ ರಾಸಾಯನಿಕ ಸುಳಿವು ಹಿಡಿದು ದಿಕ್ಕು ನೋಡಿಕೊಳ್ಳುತ್ತದೆ. ಆಮೇಲೆ ತನ್ನ ಕೋಶಕೇಂದ್ರವನ್ನು ಆ ಕಡೆಗೆ ಎಳೆದುಕೊಳ್ಳುತ್ತದೆ. ಮತ್ತೆ ಚಾಚುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ.

ನಿಮ್ಮ ಮೂರನೇ ಪುಟದಲ್ಲಿ ಅಮ್ಮಮ್ಮನ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದೇ ಸಾಲಿನಲ್ಲಿ ಬಂದು ಹೋಗುತ್ತಾನೆ. ನಿಮಗೆ ಬೇಕಾದ ಹೋಲಿಕೆ ಅವನೇ. ಮೆದುಳಿನ ಹೊರಪದರವಾದ ತೊಗಟೆಯ ಬಹುಪಾಲು ಕೋಶಗಳು ಗ್ಲಿಯಾ ಎಂಬ ಆಸರೆ ಕೋಶಗಳ ಉದ್ದನೆಯ ನಾರು ಹಿಡಿದು ನೇರ ಮೇಲೆ ಹತ್ತುತ್ತವೆ, ಕೊನೆಗೌಡ ಮರ ಹತ್ತಿದ ಹಾಗೆ. ನಿಮ್ಮ ಕೋಶಗಳದ್ದು ಅಡ್ಡ ವಲಸೆ. ಅವನು ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಾನಲ್ಲ, ಅದರ ಹಾಗೆ.

ಹುಟ್ಟಿದ ಜಾಗವನ್ನೂ ತಪ್ಪಾಗಿ ಬರೆದಿದ್ದೀರಿ. ಈ ಕೋಶಗಳು ತೊಗಟೆಯಲ್ಲಿ ಹುಟ್ಟುವುದಿಲ್ಲ. ಭ್ರೂಣದ ಮುಮ್ಮೆದುಳಿನ ತಳದಲ್ಲಿ ಮೀಡಿಯಲ್ ಗ್ಯಾಂಗ್ಲಿಯೋನಿಕ್ ಎಮಿನೆನ್ಸ್ ಎಂಬ ಉಬ್ಬು ಇದೆ. ಅಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ ಹುಟ್ಟುತ್ತವೆ. ಇಲಿಯ ಭ್ರೂಣದಲ್ಲಿ ಇದು ಹೆಚ್ಚಾಗಿ 11ರಿಂದ 15ನೇ ದಿನದೊಳಗೆ ನಡೆಯುತ್ತದೆ. ಕೆಲವು ಮೆದುಳಿನ ಒಳಗಿನ ಸ್ಟ್ರಯೇಟಮ್ ಎಂಬ ಭಾಗ ಸೇರುತ್ತವೆ, ಉಳಿದವು ತಳಭಾಗದಲ್ಲೇ ನೆಲೆ ನಿಲ್ಲುತ್ತವೆ. ತೊಗಟೆ ಮುಟ್ಟುವುದು ಆ ತಳದ ಕೋಶಗಳ ಉದ್ದನೆಯ ತಂತುಗಳು ಮಾತ್ರ. ಇದೆಲ್ಲ ಹೆಚ್ಚಾಗಿ ಇಲಿಗಳಲ್ಲಿ ತಿಳಿದದ್ದು, ಸುಮ್ನೆ ‘ನಮ್ಮ ಮೆದುಳಿನಲ್ಲಿ’ ಅಂತ ಬರೆಯಬೇಡಿ.

ನನಗೆ ಬಹಳ ಬೇಸರ ತಂದದ್ದು ಬೇರೆ. ಒಂದೇ ಉಬ್ಬಿನಲ್ಲಿ ಹುಟ್ಟಿದ ಕೋಶಗಳು ಬೇರೆ ಬೇರೆ ದಾರಿ ಹಿಡಿಯುವುದು ಯಾಕೆ? ಎನ್‌ಕೆಎಕ್ಸ್2.1 ಎಂಬ ಜೀನನ್ನು ದೀಪದ ಹಾಗೆ ಆರಿಸಿಬಿಟ್ಟವು ತೊಗಟೆಗೆ ಹೋಗುತ್ತವೆ, ಅವು ನಿಮ್ಮ ಅಸಿಟೈಲ್‌ಕೋಲಿನ್ ಕೋಶಗಳಲ್ಲ, ಬೇರೆ ಬಗೆಯವು. ಉರಿಸಿಕೊಂಡೇ ಇದ್ದವು ಸ್ಟ್ರಯೇಟಮ್‌ಗೆ ಬರುತ್ತವೆ. ಅವುಗಳಲ್ಲೂ ಎಲ್‌ಎಚ್‌ಎಕ್ಸ್8 ಮತ್ತು ಐಎಸ್‌ಎಲ್1 ಜೀನ್‌ಗಳು ಜೊತೆಗೂಡಿದರೆ ಅಸಿಟೈಲ್‌ಕೋಲಿನ್ ಕಸುಬು ಶುರುವಾಗುತ್ತದೆ. ಇಷ್ಟು ಚೆಂದದ ಸಂಗತಿಗೆ ನೀವು ಕೊಟ್ಟದ್ದು ಅರ್ಧ ಸಾಲು. ಒಂದು ಪುಟ ಕೊಡಿ.

ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂದು ತೋರಿಸಿದ, 1921ರ ಓಟೋ ಲೋವಿಯ ಕಪ್ಪೆ ಹೃದಯದ ಪ್ರಯೋಗವನ್ನು ನೀವು ಬರೆದದ್ದು ಸರಿಯಾಗಿದೆ. 1936ರ ನೊಬೆಲ್ ಮಾತ್ರ ಅವರೊಬ್ಬರಿಗೆ ಬಂದದ್ದಲ್ಲ, ಹೆನ್ರಿ ಡೇಲ್ ಜೊತೆ ಹಂಚಿಕೊಂಡರು.

ಇನ್ನು ಅಮ್ಮಮ್ಮ. ತಂಬಳಿಗೆ ಒಗ್ಗರಣೆ ಹಾಕಿದೆಯಾ ಅಂತ ಅವರು ನಾಲ್ಕು ಸಲ ಕೇಳುವುದು, ನೀವು ನಾಲ್ಕು ಸಲವೂ ‘ಹೂಂ’ ಅನ್ನುವುದು ಓದಿ ನಾನು ಸ್ವಲ್ಪ ಹೊತ್ತು ಹಾಳೆ ಪಕ್ಕಕ್ಕಿಟ್ಟೆ. ಅದನ್ನು ಮುಟ್ಟಬೇಡಿ. ಆದರೆ ‘ಭ್ರೂಣದಲ್ಲೇ ಕೋಶಗಳು ದಾರಿ ತಪ್ಪಿದ್ದವೇನೋ’ ಎಂಬ ಕೊನೆಯ ಸಾಲು ತೆಗೆಯಿರಿ. ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಆಗುವುದು ಅದಲ್ಲ. ಸರಿಯಾಗಿ ಊರು ಸೇರಿ ಎಷ್ಟೋ ದಶಕ ದುಡಿದ ಕೋಶಗಳೇ ಆಮೇಲೆ ಸಾಯುತ್ತವೆ. ಆ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆ ಅವನ್ನು ಮರಳಿ ತರುವುದಿಲ್ಲ. ಉಳಿದ ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ತಡೆಯುತ್ತದೆ, ಅಷ್ಟೇ. ಇದನ್ನು ಹೀಗೆಯೇ ಬರೆಯಿರಿ. ಇಂಥ ಅಮ್ಮಮ್ಮಂದಿರು ಇರುವ ಮನೆಯವರು ಓದುತ್ತಾರೆ, ಅವರಿಗೆ ನಿಜ ತಿಳಿಯಬೇಕು ಅಲ್ವಾ?

ಕೊನೆ ಕೊಯ್ಲು ಮುಗಿಯುವ ಮೊದಲು ಒಂದು ಸಲ ತೋಟಕ್ಕೆ ಹೋಗಿ ಬನ್ನಿ. ಮರ ದಾಟುವಾಗ ಕೊನೆಗೌಡನ ಕೈ ಮೊದಲು ಏನನ್ನು ಹಿಡಿಯುತ್ತದೆ ಅಂತ ನೋಡಿ, ಆಮೇಲೆ ಆ ಭಾಗ ಬರೆದು ಕಳಿಸಿ.

ನಿಮ್ಮ,
ಸಂಪಾದಕ