ನವೋದಯ ಪ್ರವೇಶ: ಹೆಚ್ಚು ಅಂಕ ಬಂದರೂ ಸೀಟು ಸಿಗದಿರುವುದು ನ್ಯಾಯವೇ?

ವಿಜಯಪುರ ನಗರದ ಮಗುವಿಗೆ ಹೆಚ್ಚು ಅಂಕ ಬಂದರೂ ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯ ವಿದ್ಯಾಲಯದ ಆರನೆಯ ತರಗತಿಯ ಸೀಟು ತಪ್ಪಿ, ಅದು ಅದೇ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯ ಮಗುವಿಗೆ ಸಿಗುವುದು ನನ್ನ ದೃಷ್ಟಿಯಲ್ಲಿ ನ್ಯಾಯವೇ. ಜಿಲ್ಲೆಯ ಕನಿಷ್ಠ ಶೇ. 75ರಷ್ಟು ಸೀಟುಗಳನ್ನು ಮೂರರಿಂದ ಐದನೆಯ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಕೊಡಲಾಗುತ್ತದೆ; ಇದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಎರಡು ಗಂಟೆಯ ಪ್ರವೇಶ ಪರೀಕ್ಷೆಯಲ್ಲಿ ಬರುವ ಅಂಕದಲ್ಲಿ ಮಗುವಿನ ಬುದ್ಧಿಯ ಜೊತೆಗೆ ಅದಕ್ಕೆ ದೊರೆತ ತರಬೇತಿಯೂ ಸೇರಿರುತ್ತದೆ, ಆ ತರಬೇತಿ ನಗರದಲ್ಲಿ ಸುಲಭವಾಗಿ ಸಿಗುತ್ತದೆ. ಉಳಿದ ಸೀಟುಗಳಿಗೆ, ಸಾಮಾಜಿಕ ಮೀಸಲಾತಿಗೆ ಒಳಪಟ್ಟು, ಎಲ್ಲರೂ ಅಂಕದ ಮೇಲೆ ಸ್ಪರ್ಧಿಸುತ್ತಾರೆ. ನನ್ನನ್ನು ಕಾಡುವ ಕೊರತೆ ಬೇರೆ: ಶಾಲೆ ಹಳ್ಳಿಯಲ್ಲಿದ್ದರೆ ಸಾಕು, ವರ್ಷವಿಡೀ ಹಣ ಕೊಟ್ಟು ತರಬೇತಿ ಪಡೆದ ಮಗುವೂ ಕಬ್ಬು ಕಡಿಯಲು ಹೋಗುವವರ ಮಗುವೂ ಗ್ರಾಮೀಣ ಪಾಲಿಗೆ ಸಮಾನ ಅರ್ಹರೆಂದೇ ಎಣಿಕೆಯಾಗುತ್ತಾರೆ.