ಮಡಿಕೇರಿ ಕಡೆ ಮಳೆ ಮಂಜಲ್ಲಿ ಬಳಸೋಕೆ ಮೊದಲ ಸಲ ಸಣ್ಣ ಡಿಜಿಟಲ್ ಕ್ಯಾಮೆರಾ ತಗೊಳ್ತಿದೀನಿ, ಏನು ನೋಡ್ಬೇಕು?

ನೀವು ಕೇಳಿರೋದು ಎರಡು. ಅಂಗಡಿಯವ್ರು 20 ಮೆಗಾಪಿಕ್ಸೆಲ್ 30ಎಕ್ಸ್ ಝೂಮ್ ಇರೋದೇ ಬೆಸ್ಟ್ ಅಂತಿದಾರೆ ತಗೊಳ್ಲಾ ಅನ್ನೋದು ಒಂದು, ಫೋನಿಗಿಂತ ನಿಜವಾಗ್ಲೂ ಚೆನ್ನಾಗಿ ಬರುತ್ತಾ ಅನ್ನೋದು ಇನ್ನೊಂದು. ಎರಡನೇದಕ್ಕೆ ಮೊದ್ಲು ಹೇಳ್ತೀನಿ. ಒಳ್ಳೆ ಬಿಸಿಲಲ್ಲಿ ತೆಗಿಯೋದಾದ್ರೆ ಈಗಿನ ಫೋನೇ ಸಾಕು, ದುಡ್ಡು ಉಳಿಸ್ಕೊಳ್ಳಿ. ಆದ್ರೆ ನಮ್ಮೂರಲ್ಲಿ ಬಿಸಿಲು ಎಲ್ಲಿದೆ ಮಾರಾಯ್ರೇ, ಜೂನ್ ಹಿಡಿದು ಸೆಪ್ಟೆಂಬರ್ ತನಕ ಮೋಡ, ಬಾಕಿ ದಿನ ಕಾಫಿ ತೋಟದೊಳಗೆ ಸಿಲ್ವರ್ ಓಕ್ ಹಾಲುವಾಣ ಮರಗಳ ನೆರಳು, ಬೆಳಿಗ್ಗೆ ಮಂಜು, ಹಬ್ಬ ಅಂದ್ರೆ ರಾತ್ರಿ. ಹಂಗಾಗಿ ಕಮ್ಮಿ ಬೆಳಕಲ್ಲಿ ಕೆಲ್ಸ ಮಾಡೋದೇ ನಮಗೆ ಬೇಕಿರೋದು, ಝೂಮ್ ಆಮೇಲಿನ ಮಾತು.

ನಾನೂ ನಿಮ್ಮಂಗೆ ಮೋಸ ಹೋದವನೇ. ನಾಪೋಕ್ಲು ಹತ್ರ ಸಣ್ಣ ತೋಟ ನಮ್ದು, ಮೊದಲ ಕ್ಯಾಮೆರಾ 16 ಮೆಗಾಪಿಕ್ಸೆಲ್ 20ಎಕ್ಸ್, ಡಬ್ಬದ ಮೇಲಿನ ನಂಬರ್ ನೋಡಿ ತಂದಿದ್ದು. ಆ ವರ್ಷ ಮಡಿಕೇರಿ ದಸರಾಕ್ಕೆ ದಶಮಂಟಪ (ರಾತ್ರಿ ಮೆರವಣಿಗೆಲಿ ಬರೋ ಹತ್ತು ದೇವಸ್ಥಾನಗಳ ಮಂಟಪ) ತೆಗೀಬೇಕು ಅಂತ ಹೋದೆ, ರಾತ್ರಿ ಎರಡು ಗಂಟೆಗೆ ಮಂಟಪದ ಮೇಲೆ ದೇವಿ ಕೈ ಎತ್ತೋದು ರಾಕ್ಷಸ ಬೀಳೋದು ಎಲ್ಲ ಕ್ಲಿಕ್ ಮಾಡಿದ್ದೇ ಮಾಡಿದ್ದು, ಬೆಳಿಗ್ಗೆ ಮನೇಲಿ ಕಂಪ್ಯೂಟರಿಗೆ ಹಾಕಿ ನೋಡಿದ್ರೆ ರಾಕ್ಷಸನೂ ಇಲ್ಲ ದೇವಿನೂ ಇಲ್ಲ, ಕೆಂಪು ಹಸಿರು ಗೀಚು, ಅದ್ರ ಮೇಲೆ ರವೆ ಚೆಲ್ಲಿದಂಗೆ ಕಾಳು ಕಾಳು.

ಯಾಕೆ ಹಂಗಾಯ್ತು ಅಂದ್ರೆ ಸೆನ್ಸರ್, ಅಂದ್ರೆ ಲೆನ್ಸ್ ಹಿಂದೆ ಬೆಳಕು ಹಿಡಿಯೋ ಚಿಪ್ಪು. ಆ ಥರದ ಹೆಚ್ಚಿನ ಸಣ್ಣ ಕ್ಯಾಮೆರಾಗಳಲ್ಲಿ 1/2.3 ಇಂಚು ಅನ್ನೋ ಸೆನ್ಸರ್ ಇರುತ್ತೆ, ಅಳತೆ ಸುಮಾರು 6.2 ಮಿ.ಮೀ. ಇಂಟು 4.6, ಒಂದು ಕಾಫಿ ಬೀಜಕ್ಕಿಂತ ಚಿಕ್ಕದು. 1 ಇಂಚಿನ ಸೆನ್ಸರ್ ಅನ್ನೋದು 13.2 ಇಂಟು 8.8 (ಇದೂ ಒಂದು ಇಂಚೇನಲ್ಲ, ಹಳೇ ಟಿವಿ ಕ್ಯಾಮೆರಾ ಟ್ಯೂಬಿನ ಕಾಲದ ಲೆಕ್ಕ ಹಂಗೇ ಉಳ್ಕೊಂಡಿದೆ), ಅಂದ್ರೆ ಜಾಗ ನಾಲ್ಕು ಪಟ್ಟು, ಬೆಳಕು ಹಿಡಿಯೋದೂ ಅಷ್ಟೇ ಜಾಸ್ತಿ. ಇದ್ರ ಜೊತೆ ಲೆನ್ಸ್ ಸುತ್ತ ಬರೆದಿರೋ ಎಫ್ ನಂಬರ್ ಓದಿ, ಅದು ಚಿಕ್ಕದಿದ್ದಷ್ಟೂ ಲೆನ್ಸ್ ಬಾಯಿ ದೊಡ್ಡದು, ಬೆಳಕು ಜಾಸ್ತಿ, ಅಷ್ಟೂ ಒಳ್ಳೇದು. 30ಎಕ್ಸ್ ಝೂಮಿನವು ಪೂರ್ತಿ ಎಳೆದಾಗ ಎಫ್ 6ರ ಮೇಲೆ ಹೋಗುತ್ತೆ, ಎಫ್ 1.8ಕ್ಕೆ ಹೋಲಿಸಿದ್ರೆ ಹತ್ತರಲ್ಲಿ ಒಂದು ಪಾಲು ಬೆಳಕೂ ಬರಲ್ಲ. ಮೆಗಾಪಿಕ್ಸೆಲ್ ತಲೆ ಕೆಡಿಸ್ಕೋಬೇಡಿ, ಎ4 ಸೈಜು ನೀಟಾಗಿ ಪ್ರಿಂಟ್ ಹಾಕ್ಸೋಕೆ 9 ಇದ್ರೆ ಸಾಕು. ಡಿಜಿಟಲ್ ಝೂಮ್ ಅನ್ನೋದು ಇರೋ ಫೋಟೋನೇ ಕತ್ತರಿಸಿ ದೊಡ್ಡದು ಮಾಡೋದಷ್ಟೇ, ಅದನ್ನಂತೂ ಮೆನುಗೆ ಹೋಗಿ ಆಫ್ ಮಾಡಿಬಿಡಿ.

ನಾನು ಈಗ ಇಟ್ಕೊಂಡಿರೋದು ಸೋನಿ ಆರ್‌ಎಕ್ಸ್100, ಮೊದಲನೇ ಮಾಡೆಲ್ಲು, 2012ರಲ್ಲಿ ಬಂದಿದ್ದು, ಸೆಕೆಂಡ್ ಹ್ಯಾಂಡ್. 240 ಗ್ರಾಂ, ಅಂಗಿ ಜೇಬಲ್ಲಿ ಕೂರುತ್ತೆ. ವೈಫೈ ಇಲ್ಲ, ಕಾರ್ಡ್ ರೀಡರ್ ಬೇಕು, ಅದಕ್ಕೆ ಮಗಳು ನಗ್ತಾಳೆ. ಸ್ವಲ್ಪ ದುಡ್ಡು ಜಾಸ್ತಿ ಹಾಕೋಕಾದ್ರೆ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ನೋಡಿ, ಹೊಸಬ್ರಿಗೆ ಅದೇ ಸಲೀಸು, ಟಚ್ ಸ್ಕ್ರೀನ್, ವೈಫೈ ಎಲ್ಲ ಇದೆ, ಝೂಮ್ ಮಾಡಿದ್ರೂ ಎಫ್ 2.8ರ ಮೇಲೆ ಹೋಗಲ್ಲ. ಇನ್ನು ಮಳೇಲಿ ನೆನೆಸ್ಕೊಂಡೇ ತಿರುಗೋನು ನಾನು ಅನ್ನೋದಾದ್ರೆ ಒಲಿಂಪಸ್ ಟಿಜಿ-6, 15 ಮೀಟರ್ ನೀರೊಳಗೂ ಹೋಗುತ್ತೆ, ಸೆನ್ಸರ್ ಚಿಕ್ಕದೇ, ಆದ್ರೆ ಒಂದು ಸೆಂಟಿಮೀಟರ್ ಹತ್ರದಿಂದ ತೆಗಿಬೋದು, ಕಾಯಿಕೊರಕ ಹುಳು ಕೊರೆದ ತೂತು ಕೂಡ ಕಾಣುತ್ತೆ. ನಾಗರಹೊಳೆ ಹಕ್ಕಿ ಆಸೆ ಇದ್ರೆ ಇದ್ಯಾವುದೂ ಆಗಲ್ಲ, ಅದು ಬೇರೆ ಖರ್ಚು.

ತಗೊಂಡ ಮೇಲೆ ಒಂದೇ ಒಂದು ಬಟನ್ ಕಲೀರಿ, ಪ್ಲಸ್ ಮೈನಸ್ ಅಂತ ಇರುತ್ತೆ, ಫೋಟೋ ಬೆಳಕು ಏರಿಸೋಕೆ ಇಳಿಸೋಕೆ. ಕ್ಯಾಮೆರಾಗೆ ಎಲ್ಲನೂ ಬೂದು ಬಣ್ಣಕ್ಕೆ ತರೋ ಚಟ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತಲ್ಲ, ಆಗ ಒಂದು ರೆಂಬೆ ಹೂವನ್ನ ಹಿಂದಿನ ಕಪ್ಪು ನೆರಳಿಟ್ಟು ತೆಗೆದ್ರೆ ಕ್ಯಾಮೆರಾ ನೆರಳು ನೋಡಿ ಬೆಳಕು ಜಾಸ್ತಿ ಮಾಡುತ್ತೆ, ಹೂವೆಲ್ಲ ಸುಣ್ಣ ಬಳಿದಂಗೆ, ಎಸಳೇ ಕಾಣಲ್ಲ, ಅಲ್ಲಿ ಮೈನಸ್ 0.7. ರಾಜಾಸೀಟಲ್ಲಿ ಮಂಜು ತೆಗಿವಾಗ ಉಲ್ಟಾ, ಮಂಜು ಒಲೆ ಹೊಗೆ ಥರ ಕೊಳೆಯಾಗಿ ಬರುತ್ತೆ, ಪ್ಲಸ್ 0.7 ಇಡಿ. ಇದು ತಿಳಿಯೋಕೆ ನಂಗೆ ಎರಡು ಹೂ ಸೀಸನ್ ಬೇಕಾಯ್ತು.

ಆಮೇಲೆ ಬೂಷ್ಟು. ನನ್ನ ಹಳೇ ಕ್ಯಾಮೆರಾ ಸತ್ತಿದ್ದು ಇದ್ರಲ್ಲೇ, ಲೆದರ್ ಪೌಚಲ್ಲಿ ಹಾಕಿ ಮರದ ಬೀರುವಲ್ಲಿ ಎರಡು ಮಳೆಗಾಲ ಇಟ್ಟೆ, ತೆಗೆದಾಗ ಲೆನ್ಸ್ ಒಳಗೆ ಜೇಡನ ಬಲೆ ಥರ ಬೂಷ್ಟು. ಪೌಚ್ ತೇವ ಹಿಡ್ಕೊಳ್ಳುತ್ತೆ, ಹಂಗಾಗಿ ಅದನ್ನ ಹೊರಗೆ ಹೋಗುವಾಗ ಮಾತ್ರ ಬಳಸಿ. ಮನೇಲಿ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ (ತೇವ ಹೀರೋ ಹರಳು). ಬಣ್ಣ ಬದಲಾಗೋ ಥರದ್ದು ತಗೊಳ್ಳಿ, ಕಿತ್ತಳೆ ಇದ್ದಿದ್ದು ಹಸಿರಾದ್ರೆ ಅಡಿಗೆಗೆ ಬಳಸದ ಹಳೇ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ, ಮತ್ತೆ ಕಿತ್ತಳೆ ಆಗುತ್ತೆ. ಜುಲೈನಲ್ಲಿ ನಾನು ವಾರಕ್ಕೊಂದ್ಸಲ ಮಾಡ್ತೀನಿ, ಹೆಂಡತಿ ಏನು ಹುರೀತಿದೀರಾ ಅಂತ ಕೇಳ್ತಾಳೆ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರಾದ್ರೂ ಹೇಳಿದ್ರೆ ಬೇಡ, ಹಿಟ್ಟು ಒಳಗೆ ಹೋಗೋದೇ ಲಾಭ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ (ಈಗ ಹಳೇ ಕಾಂಪ್ಯಾಕ್ಟಿಗೂ ರೇಟು ಏರಿದೆ, ಕಾಲೇಜು ಹುಡುಗ್ರು ಹುಡುಕ್ತಿದಾರೆ) ಕೈಗೆ ತಗೊಂಡು ಹತ್ತು ಸಲ ಆನ್ ಆಫ್ ಮಾಡಿ, ಲೆನ್ಸ್ ಹೊರಗೆ ಬರುವಾಗ ಮರಳು ಅರೆದಂಗೆ ಸದ್ದು ಬರ್ಬಾರ್ದು. ಎಫ್ 11ಕ್ಕೆ ಇಟ್ಟು ಬಿಳಿ ಗೋಡೆ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಕಪ್ಪು ಚುಕ್ಕಿ ಇದ್ರೆ ಸೆನ್ಸರ್ ಮೇಲೆ ಧೂಳು. ಬ್ಯಾಟರಿ ಹೊಟ್ಟೆ ಉಬ್ಬಿದ್ಯಾ ನೋಡಿ. ಕೊನೆಗೆ ಫೋನಿನ ಟಾರ್ಚ್ ಓರೆಯಾಗಿ ಲೆನ್ಸಿಗೆ ಬಿಡಿ, ಒಳಗೆ ಬಿಳಿ ನೂಲಿನಂಗೆ ಎಳೆ ಕಂಡ್ರೆ ಬೂಷ್ಟು ಅಂತ ಅರ್ಥ, ಚೌಕಾಸಿನೂ ಮಾಡೋಕೆ ಹೋಗ್ಬೇಡಿ, ವಾಪಸ್ ಕೊಟ್ಟು ಒಂದು ಕಾಫಿ ಕುಡ್ಕೊಂಡು ಮನೆಗೆ ಬನ್ನಿ.