ಗುಳಿ ಬೀಳುವ ಕಾಲು, ಬೀಳದ ಕಾಲು

ಪ್ರಶ್ನೆ: ಸಂಜೆ ಹೊತ್ತಿಗೆ ನಮ್ಮ ಅತ್ತೆಯವರ ಪಾದ ಊದಿಕೊಳ್ಳುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ನನ್ನ ಅಕ್ಕನಿಗೆ ಥೈರಾಯ್ಡ್ ಕಡಿಮೆ. ಅವಳ ಕಾಲೂ ಊದಿದೆ, ಆದರೆ ಎಷ್ಟು ಒತ್ತಿದರೂ ಗುಳಿ ಬೀಳಲ್ಲ. ಎರಡೂ ನೀರೇ ಅಲ್ವಾ ಡಾಕ್ಟ್ರೇ?
– ಗೃಹಿಣಿ, ತಿಪಟೂರು

ಉತ್ತರ: ಹೌದಮ್ಮ, ನೀರೇ. ಅತ್ತೆಯವರ ಕಾಲಲ್ಲಿ ಅದು ಬಿಡಿಯಾಗಿದೆ, ಅಕ್ಕನ ಕಾಲಲ್ಲಿ ಸಿಕ್ಕಿಹಾಕಿಕೊಂಡಿದೆ.

ಚರ್ಮದಡಿ ಜೀವಕೋಶಗಳು ದೂರ ದೂರ ಇರುತ್ತವೆ. ನಡುವೆ ಕೊಲಾಜನ್ ನಾರು, ಮಿಕ್ಕ ಜಾಗವೆಲ್ಲ ಲೋಳೆ. ಮೊದಲ ವರ್ಷದ ಎಂಬಿಬಿಎಸ್‌ನಲ್ಲಿ ನಾನು ಹಿಸ್ಟಾಲಜಿ (ಮೈಕ್ರೋಸ್ಕೋಪಿನಲ್ಲಿ ಅಂಗಾಂಶ ನೋಡಿ ಕಲಿಯುವ ವಿಷಯ) ರೆಕಾರ್ಡಿನಲ್ಲಿ ನಾರಿಗೆ ಗುಲಾಬಿ ಪೆನ್ಸಿಲ್, ಜೀವಕೋಶದ ನ್ಯೂಕ್ಲಿಯಸ್ಸಿಗೆ ನೇರಳೆ ಪೆನ್ಸಿಲ್ ತೀಡಿ, ಉಳಿದದ್ದನ್ನು ಬಿಳಿ ಬಿಟ್ಟಿದ್ದೆ. ಮೇಡಂ ಆ ಬಿಳಿಯ ಮೇಲೆ ಬೆರಳಿಟ್ಟು, 'ಇಲ್ಲೇನಿದೆ?' ಅಂದರು. 'ಏನಿಲ್ಲ ಮೇಡಂ.' 'ಇತ್ತು ಕಣಪ್ಪ. ಸ್ಲೈಡ್ ಮಾಡುವಾಗ ತೊಳೆದುಹೋಯ್ತು' ಅಂದರು.

ಆ ಲೋಳೆಯ ಮುಖ್ಯ ಸರಕು ಹಯಲುರಾನಿಕ್ ಆಸಿಡ್. ಸಕ್ಕರೆ ಅಣುಗಳ ಉದ್ದನೆಯ ಸರ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಈಗ ಟಿವಿಯ ಕ್ರೀಮ್ ಜಾಹೀರಾತುಗಳಲ್ಲೂ ಇದರದ್ದೇ ಹೆಸರು. ನೀರು ಸಿಕ್ಕರೆ ಬಿಡದ ಜಿಪುಣ ಇದು. ಕಾಮಕಸ್ತೂರಿ ಬೀಜ ನೆನೆಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಒಂದೊಂದು ಬೀಜದ ಸುತ್ತ ಲೋಳೆ ಕಟ್ಟುತ್ತದೆ. ಜರಡಿಗೆ ಸುರಿದರೆ ಹೆಚ್ಚಿನ ನೀರು ಸೋರಿಹೋಗುತ್ತದೆ, ಲೋಳೆ ಹಿಡಿದ ನೀರು ಕದಲಲ್ಲ.

ಅತ್ತೆಯವರ ಪಾದದಲ್ಲಿ, ಲೋಳೆ ಹಿಡಿಯುವುದಕ್ಕಿಂತ ಜಾಸ್ತಿ ನೀರು ಸೇರಿದೆ. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ, ಬೆರಳು ತೆಗೆದರೂ ತಕ್ಷಣ ವಾಪಸ್ ಬರಲ್ಲ. ಅದೇ ಗುಳಿ. ಥೈರಾಯ್ಡ್ ಹಾರ್ಮೋನ್ ತುಂಬಾ ಕಡಿಮೆಯಾದರೆ ಲೋಳೆಯೇ ಹೆಚ್ಚಾಗಿ ಶೇಖರವಾಗುತ್ತದೆ, ನೀರು ಅದರೊಳಗೇ ಉಳಿಯುತ್ತದೆ. ಅಕ್ಕನದು ಇದೇ ಇರಬೇಕು. ಆದರೂ ಅವರ ಡಾಕ್ಟರಿಗೆ ಒಮ್ಮೆ ಕಾಲು ತೋರಿಸಲಿ. ಥೈರಾಯ್ಡ್‌ನದ್ದೇ ಆಗಿದ್ದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತಪ್ಪದಿದ್ದರೆ ನಿಧಾನಕ್ಕೆ ಇಳಿಯುತ್ತದೆ.

ಅತ್ತೆಯವರ ವಿಷಯದಲ್ಲಿ ತಡ ಮಾಡಬೇಡಿ. ಹೃದಯ, ಕಿಡ್ನಿ, ಲಿವರ್ ಮೂರನ್ನೂ ನೋಡಿಸಿ. ಬಿಪಿ ಮಾತ್ರೆ ತಗೋತಿದ್ದರೆ ಚೀಟಿ ಜೊತೆಗಿರಲಿ. ಆಮ್ಲೋಡಿಪಿನ್ ಅಂತ ಒಂದು ಮಾತ್ರೆ ಇದೆ, ಅದರಿಂದಲೂ ಕಾಲು ಊದುತ್ತದೆ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಡಾಕ್ಟರ್ ಬದಲಾಯಿಸಿ ಕೊಡ್ತಾರೆ.